ಕಳ್ಳ ಸುಳ್ಳ ಮಕ್ಕಳ ನಾಲ್ಕು ದಿನ

ಮೊದಲನೆಯ ದಿನ: ರಾಣೇಬೆನ್ನೂರು

"ಹಳೇ ಅಂಗಿ ಎಷ್ಟು ತಂದಿಯಲೇ?"

ರಾಣೇಬೆನ್ನೂರು ಸ್ಟೇಷನ್ನಿನ ಹೊರಗೆ ಕಾರಿಗೆ ಒರಗಿ ನಿಂತಿದ್ದ ಗೌಡ ನನ್ನನ್ನು ಕೇಳಿದ ಮೊದಲ ಮಾತೇ ಇದು. ಆರಾಮ ಇದ್ದಿಯೇನು, ಮಕ್ಕಳು ಏನು ಮಾಡ್ತಾವು, ಊಹೂಂ. ಎರಡು ತಂದೇನಿ ಅಂದೆ. "ಎರಡು ಯಾವ ಮೂಲಿಗೆ? ಬಾಗಲಕೋಟಿ ಒಂದಕ್ಕ ಮೂರು ಬೇಕು" ಎಂದು ಬ್ಯಾಗು ಕಸಿದು ಡಿಕ್ಕಿಗೆ ಎಸೆದ.

ನಾವು ನಾಲ್ವರು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನವರು. 1991ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆವು. ಒಬ್ಬರಿಗೊಬ್ಬರ ನಿಜವಾದ ಹೆಸರು ನೆನಪಾಗುವುದು ಲಗ್ನಪತ್ರಿಕೆ ಬಂದಾಗ ಮಾತ್ರ. ಗೌಡ ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ದಿನಾ ರೊಟ್ಟಿಬುಟ್ಟಿ ಹೊತ್ತುಕೊಂಡೇ ಸಾಲಿಗೆ ಬರುತ್ತಿದ್ದ ಬುಟ್ಟಿ ಊರಲ್ಲೇ ಉಳಿದು ಎರೆಹೊಲ ನೋಡಿಕೊಂಡಿದ್ದಾನೆ. ಕ್ಲಾಸಿಗೆಲ್ಲ ಒಂದೇ ಒಂದು ಕಂಪಾಸ್ ಪೆಟ್ಟಿಗೆ ಇದ್ದ ಕಂಪಾಸ್ ಪುಣೆಯಲ್ಲಿ ಸಾಫ್ಟ್‌ವೇರ್ ಕಂಪನಿ ಸೇರಿದ. ನಾನು ಗಂಟಿ. ಸಾಲಿಯ ಗಂಟೆ ಬಾರಿಸುವ ಕೆಲಸ ಮೂರು ವರ್ಷ ನನ್ನದಿತ್ತು, ಆ ಹೆಸರು ಇನ್ನೂ ಬಿಟ್ಟಿಲ್ಲ.

ಹೋಳಿ ಹುಣ್ಣಿಮೆಗೆ ಕೂಡಬೇಕು ಅನ್ನುವುದು ಬುಟ್ಟಿಯ ಹಟ. ದೀಪಾವಳಿಗೆ ಎಲ್ಲರೂ ಊರಿಗೆ ಬಂದೇ ಬರುತ್ತಾರೆ, ಅದರಲ್ಲೇನು ಮಜಾ. ನಾವು ಒಟ್ಟಿಗೆ ಕೂತು ನೆನೆಯುವ ಕಳ್ಳತನವೆಲ್ಲ ಕಾಮಣ್ಣನ ಹೆಸರಲ್ಲೇ ಆದದ್ದು.

ರಾಣೇಬೆನ್ನೂರಿಗೆ ಯಾಕೆ ಬಂದೆವೆಂದರೆ ಇಲ್ಲಿಯ ಕಾಮಣ್ಣ ಕಟ್ಟಿಗೆಯವನಲ್ಲ, ಮಣ್ಣಿನವನಲ್ಲ, ಜೀವಂತ. ಒಬ್ಬನಿಗೆ ಮನ್ಮಥನ ವೇಷ, ಇನ್ನೊಬ್ಬ ಗಂಡಸಿಗೇ ರತಿಯ ವೇಷ ಹಾಕಿ ವೇದಿಕೆಯ ಮೇಲೆ ಕೂಡಿಸುತ್ತಾರೆ. ಊರವರೆಲ್ಲ ಬಂದು ಅವರನ್ನು ನಗಿಸಬೇಕು. ನಗಿಸಿದವರಿಗೆ ಬಹುಮಾನ. ಅವರು ನಗಬಾರದು. ಆಟ ಇಷ್ಟೇ. ಆದರೆ ಕಣ್ಣಾರೆ ನೋಡಿದರೆ ಇದು ಆಟವೋ ತಪಸ್ಸೋ ತಿಳಿಯುವುದಿಲ್ಲ. ಕತೆಯಲ್ಲಿ ತಪಸ್ಸಿಗೆ ಕೂತ ಶಿವನನ್ನು ಕೆಣಕಿ ಸುಟ್ಟುಹೋದವನು ಕಾಮ. ಇಲ್ಲಿ ಕಾಮನೇ ತಪಸ್ಸಿಗೆ ಕೂತಿದ್ದಾನೆ, ಕೆಣಕುವವರು ನಾವು. ಇದನ್ನು ಮೊದಲು ಯೋಚಿಸಿದವನು ಯಾರೋ, ಅವನಿಗೆ ದೊಡ್ಡ ನಮಸ್ಕಾರ.

ರಾತ್ರಿ ಹತ್ತರ ಹೊತ್ತಿಗೆ ಜನ ಕಿಕ್ಕಿರಿದಿದ್ದರು. ಮಂದಿ ಮಂಗ್ಯಾನ ಹಾಗೆ ಕುಣಿದರು, ಹೆಂಡತಿಗೆ ಹೆದರುವ ಗಂಡನ ಸೋಗು ಹಾಕಿದರು, ಒಬ್ಬ ಬರೀ ಸೀನುತ್ತ ಐದು ನಿಮಿಷ ನಿಂತ. ನಾವು ಮುಂದೆ ನುಗ್ಗಿ ವೇದಿಕೆಗೆ ಮೂರು ಮಾರು ದೂರದಲ್ಲಿ ಕೂತಿದ್ದೆವು. ಕಾಮನ ಹಣೆಯಿಂದ ಹೊರಟ ಒಂದು ಬೆವರ ಹನಿ ಬಿಳಿ ಪೌಡರಿನಲ್ಲಿ ದಾರಿ ಮಾಡಿಕೊಂಡು ಮೂಗಿನ ಪಕ್ಕ ಇಳಿದು, ಬರೆದ ಮೀಸೆಯ ತುದಿಯಲ್ಲಿ ಕರ್ರಗಾಗಿ ನಿಂತಿತು. ಅವನು ಒರೆಸಿಕೊಳ್ಳಲಿಲ್ಲ. ರತಿಯ ಮೂಗುತಿಯ ಮೇಲೆ ನೊಣ ಕೂತಿತ್ತು, ಅವಳೂ ಅಲುಗಲಿಲ್ಲ.

ಬುಟ್ಟಿ ಎದ್ದೇಬಿಟ್ಟ. ಹಿಡಿದು ಕೂಡಿಸುವಷ್ಟರಲ್ಲಿ ವೇದಿಕೆ ಹತ್ತಿಯಾಗಿತ್ತು. ಟವೆಲ್ ಹೆಗಲಿಗೆ ಹಾಕಿಕೊಂಡು ಕಾಮನ ಎದುರು ಕುಕ್ಕರಗಾಲಲ್ಲಿ ಕೂತು, ಯಾವುದೋ ಗುಟ್ಟು ಹೇಳುವವನ ಹಾಗೆ ಅಂದ: "ಎಪ್ಪಾ ಕಾಮಣ್ಣ, ಒಂದು ಸುದ್ದಿ ಬಂದೈತಿ. ಕಡ್ಲಿಗೆ ಈ ಸಲ ಛಲೋ ರೇಟು ಕೊಡ್ತಾರಂತ. ಅದೂ ಮಾಲು ಹಾಕಿದ ದಿನಾನ ರೊಕ್ಕಂತ."

ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಮ ನಗಲಿಲ್ಲ. ರತಿಯ ತುಟಿ ಒಂದೀಟು ಅದುರಿತು ಅಂತ ಬುಟ್ಟಿ ಇವತ್ತಿಗೂ ಆಣೆ ಮಾಡುತ್ತಾನೆ. ತೀರ್ಪುಗಾರರು ಒಪ್ಪಲಿಲ್ಲ. ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಮೀರಿದ ದಾರಿ. ಹಾವೇರಿ ದಾಟುವ ತನಕವೂ ಅವನು ಅದೇ ವಾದ ಮಾಡುತ್ತಿದ್ದ, ಆಮೇಲೆ ಬಾಯಿ ತೆರೆದುಕೊಂಡೇ ನಿದ್ದೆ ಹೋದ.

ಎರಡನೆಯ ದಿನ: ನವಲಗುಂದ, ಆಮೇಲೆ ನಮ್ಮೂರು

ಹುಬ್ಬಳ್ಳಿಯಲ್ಲಿ ಗೌಡನ ಮನೆಯಲ್ಲಿ ಗಿರಮಿಟ್, ಮಿರ್ಚಿ ತಿಂದು ಹೊರಟಾಗ ಒಂಬತ್ತು ದಾಟಿತ್ತು. ಸಂತೆಯಲ್ಲಿ ಹಲಗಿಗಳ ಸಾಲು. ಈಗ ಬಹಳಷ್ಟು ಫೈಬರಿನವು. ಕೆಂಪು, ಹಸಿರು, ಹೊಡೆದರೆ ಡಬ್ಬಾ ಬಡಿದ ಸದ್ದು. ಅದಕ್ಕೆ ಬೆಂಕಿಗೆ ಕಾಸುವ ಕೆಲಸ ಇಲ್ಲ. ಗೌಡ ಹುಡುಕಿ ಹುಡುಕಿ ಚರ್ಮದ್ದು ಒಂದು ಹಿಡಿದ. ಮಾರುವ ಅಜ್ಜ ಅದನ್ನು ಕಿವಿಯ ಹತ್ತಿರ ಒಯ್ದು, ಹೆಬ್ಬೆರಳಿನಿಂದ ಒಮ್ಮೆ ಮೀಟಿ, "ಇದು ಬಿಸಿ ಕೇಳ್ತೈತ್ರಿ, ಪುಕ್ಕಟ ಮಾತಾಡಂಗಿಲ್ಲ" ಎಂದು ಕೊಟ್ಟ.

ನವಲಗುಂದ ಅಲ್ಲಿಂದ ಮುಕ್ಕಾಲು ತಾಸಿನ ದಾರಿ. ಹೊರಗಿನವರಿಗೆ ಈ ಊರು ಜಮಖಾನದಿಂದ ಗೊತ್ತು, ಇಲ್ಲವೇ 1980ರ ಜುಲೈ 21ರಿಂದ. ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರ ಮೇಲೆ ಅಂದು ಇಲ್ಲೂ ನರಗುಂದದಲ್ಲೂ ಗೋಲಿಬಾರ್ ಆಯಿತು. ನಾವಾಗ ಚಡ್ಡಿ ಹಾಕಿಕೊಳ್ಳಲು ಕಲಿಯುತ್ತಿದ್ದ ಹುಡುಗರು. ಆದರೆ ನಮ್ಮೂರಿನಲ್ಲಿ ಯಾರಾದರೂ 'ಆ ವರ್ಷ' ಅಂದರೆ ಯಾವ ವರ್ಷ ಅಂತ ಕೇಳುವವರಿಲ್ಲ. ಹೋಳಿಯ ಹೊತ್ತಿಗೆ ಮಾತ್ರ ನವಲಗುಂದವೆಂದರೆ ರಾಮಲಿಂಗ ಕಾಮಣ್ಣ. ಮಕ್ಕಳಾಗಲಿ, ಲಗ್ನ ಕೂಡಲಿ, ನೌಕರಿ ಸಿಗಲಿ ಎಂದು ಬೇಡಿಕೊಂಡವರು, ಆಮೇಲೆ ಬೆಳ್ಳಿಯ ತೊಟ್ಟಿಲೋ ಕುದುರೆಯೋ ಬಾಸಿಂಗವೋ ತಂದು ಒಪ್ಪಿಸುತ್ತಾರೆ. ಬೇರೆ ಊರಲ್ಲಿ ಸುಟ್ಟು ಬೂದಿಯಾಗುವವನು ಇಲ್ಲಿ ಹರಕೆ ತೀರಿಸುವ ದೇವರು.

ಪಾಳಿಯಲ್ಲಿ ನಿಂತು ಒಂದೂವರೆ ತಾಸಾಗಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಆಗ ಕಂಪಾಸ್ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಒಳಗೆ ಹೆಬ್ಬೆರಳಿನಷ್ಟು ಬೆಳ್ಳಿಯ ಕುದುರೆ.

"ಇದು ಯಾತಕ್ಕಲೇ?"

"ಹತ್ತನೇತ್ತ ಗಣಿತ ಪಾಸಾದ್ರ ಕೊಡ್ತೇನಂತ ಹೇಳಿಕೊಂಡಿದ್ದೆ."

ನಾವು ಮೂವರೂ ಅವನ ಮುಖ ನೋಡಿದೆವು. ಗಣಿತದಲ್ಲಿ ನೂರಕ್ಕೆ ತೊಂಬತ್ತು ದಾಟಿದ್ದವನು! ನಮ್ಮೆಲ್ಲರ ತ್ರಿಕೋನ, ಕೋನ, ಸ್ಪರ್ಶಕ ಅವನದೇ ಕೈವಾರದಲ್ಲಿ ಎಳೆದದ್ದು. ಅವನೂ ಹೆದರಿದ್ದನೇ? ಹೆದರಿದ್ದನಂತೆ. ಪಾಸಾದ ಮೇಲೆ ಮರೆತ, ಕಾಲೇಜಿನಲ್ಲಿ ರೊಕ್ಕ ಇರಲಿಲ್ಲ, ನೌಕರಿ ಸಿಕ್ಕ ಮೇಲೆ ನಾಚಿಕೆ ಬಂತು. ಮೂವತ್ತು ವರ್ಷ ಮೀರಿದ ಬಾಕಿ.

"ಬಡ್ಡಿ ಲೆಕ್ಕ ಮಾಡಿಯೇನು?" ಗೌಡ ಕೇಳಿದ. ವ್ಯಾಪಾರಿ ಅಲ್ಲವೇ. ಸರಳಬಡ್ಡಿಯೋ ಚಕ್ರಬಡ್ಡಿಯೋ ಎಂಬ ಚರ್ಚೆ ಶುರುವಾಯಿತು. ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬಳು ಕಂಕುಳಲ್ಲಿದ್ದ ಕೂಸನ್ನು ಇನ್ನೊಂದು ಕಡೆ ಬದಲಿಸಿಕೊಂಡು, "ಅಣ್ಣಾರ, ಕಾಮಣ್ಣ ಬಡ್ಡಿ ಕೇಳಂಗಿಲ್ಲ ಬಿಡ್ರಿ, ಅಸಲು ಕೊಟ್ಟರ ಸಾಕು. ಪಾಳಿ ಮುಂದ ಸರೀಲಿ" ಅಂದಳು. ಸರಿದೆವು.

ನಮ್ಮೂರು ಮುಟ್ಟಿದಾಗ ಸಂಜೆ. ಸುತ್ತ ಎರೆ ಒಡೆದು ಬಿರುಕು ಬಿಟ್ಟಿತ್ತು. ಕಡ್ಲಿ, ಜೋಳದ ಒಕ್ಕಣಿ ಮುಗಿದು ಹೊಲವೆಲ್ಲ ಬೋಳು. ಊರ ನಡುವಿನ ಕಟ್ಟೆಯ ಮುಂದೆ ಕಾಮನ ರಾಶಿ ಎದ್ದಿತ್ತು. ಸೈಜುಗಲ್ಲು ಜೋಡಿಸಿದ ಹಾಗೆ ಒಪ್ಪವಾಗಿ ಕೂಡಿಸಿದ ಕಟ್ಟಿಗೆ. ಅಷ್ಟು ಚೊಕ್ಕ ರಾಶಿಯನ್ನು ನಾನು ಕಂಡೇ ಇರಲಿಲ್ಲ.

"ಇಷ್ಟು ಕಟಗಿ ಎಲ್ಲಿ ಕದ್ದಿರಲೇ?" ಅಲ್ಲಿದ್ದ ಹುಡುಗನನ್ನು ಕೇಳಿದೆ.

ಅವನಿಗೆ ಬೇಜಾರಾಯಿತು. "ಕದಿಯೂದು ಯಾಕ್ರಿ ಕಾಕಾ? ಪಟ್ಟಿ ಎತ್ತೇವಿ. ಅಡ್ಡೆಯಿಂದ ತರಿಸೇವಿ." ಎಂದವನೇ ತನ್ನ ಫೈಬರ್ ಹಲಗಿಯನ್ನು ತಿರುಗಿಸಿ ತೋರಿಸಿದ. ಹಿಂಬದಿಗೆ ಕ್ಯೂಆರ್ ಕೋಡ್ ಅಂಟಿಸಿದ್ದರು. ನಾನು ನೂರೊಂದು ರೂಪಾಯಿ ಹಾಕಿದೆ. ಎಲ್ಲರ ಮನೆಯಲ್ಲೂ ಗ್ಯಾಸು ಬಂದ ಮೇಲೆ ಕುಳ್ಳು ತಟ್ಟುವವರೇ ಕಡಿಮೆ, ಕದಿಯಲು ಏನು ಉಳಿದಿದೆ? ಹುಡುಗರು ಪ್ರಾಮಾಣಿಕರಾಗಿದ್ದಾರೆ. ಒಳ್ಳೆಯದೇ. ಆದರೂ ನನಗೆ ಒಂಥರಾ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಯಾಕೆಂದರೆ ನಮ್ಮ ಕಾಲದ ಹಾಡೇ ಬೇರೆ:

ಕಾಮಣ್ಣನ ಮಕ್ಕಳು, ಕಳ್ಳ ಸುಳ್ಳ ಮಕ್ಕಳು
ಏನೇನು ಕದ್ದಾರ? ಕಟಗಿ ಕುಳ್ಳು ಕದ್ದಾರ
ಯಾತಕ್ಕ ಕದ್ದಾರ? ಕಾಮಣ್ಣನ ಸುಡಾಕ ಕದ್ದಾರ

ಕಾಮನನ್ನು ಸುಡುವುದು ಬೆಳಗಿನ ಜಾವ. ಅಲ್ಲಿಯವರೆಗೆ ಕಟ್ಟೆಯ ಮೇಲೆ ಜಮಖಾನ ಹಾಸಿಕೊಂಡು ಕೂತೆವು. ಬುಟ್ಟಿಯ ಮನೆಯಿಂದ ಹೋಳಿಗೆ ಬಂತು, ಹಿಂದೆಯೇ ಒಂದು ತಂಬಿಗೆ ತುಪ್ಪ. ತಿಂಗಳ ಬೆಳಕು ಹೊಗೆಯಿಲ್ಲದ ಊರಿನ ಮೇಲೆ ಬಿದ್ದಿತ್ತು. ಮಾತು ತಾನಾಗಿ ಹಳೆಯ ಕಳ್ಳತನಕ್ಕೆ ಹೊರಳಿತು.

ಕದಿಯುವುದಕ್ಕೂ ಕಾನೂನಿತ್ತು, ಅದನ್ನು ಈಗಿನವರಿಗೆ ಹೇಳಬೇಕು. ಕಾಳು ಕಡಿ, ಪಾತ್ರೆ ಪಗಡಿ ಮುಟ್ಟಬಾರದು. ಉರಿಯುವ ವಸ್ತು ಮಾತ್ರ. ಹಾದಿಯಲ್ಲಿ ಸಿಕ್ಕಿಬಿದ್ದರೆ ಹೊಡೆತ ತಿನ್ನಬೇಕು, ಎದುರು ಮಾತಿಲ್ಲ. ಆದರೆ ಒಂದು ಸಲ ವಸ್ತು ಕಾಮನ ರಾಶಿಗೆ ಬಿತ್ತೋ, ಮುಗಿಯಿತು. ಕಾಮಗ ಕೊಟ್ಟದ್ದನ್ನು ಹೊಳ್ಳಿ ತಗೋಬಾರದು. ತಗೊಂಡರೆ ಮನೆಗೆ ಕೇಡು. ಹೀಗಾಗಿ ಆಟವೆಲ್ಲ ಹಿತ್ತಲಿನಿಂದ ಕಟ್ಟೆಯವರೆಗಿನ ಓಟದಲ್ಲಿತ್ತು. ಬುಟ್ಟಿ ಒಮ್ಮೆ ತಮ್ಮ ಮನೆಯದೇ ಬಂಡಿಯ ನೊಗ ತಂದು ಹಾಕಿದ್ದ. ಅವನಪ್ಪ ಬೆಳಿಗ್ಗೆ ಎತ್ತು ಹಿಡಿದುಕೊಂಡು ನೊಗ ಹುಡುಕುತ್ತ ಕಟ್ಟೆಗೆ ಬಂದಾಗ, ಕಬ್ಬಿಣದ ಬಳೆಯೊಂದು ಬೂದಿಯಲ್ಲಿ ಹೊಳೆಯುತ್ತಿತ್ತು. ಆ ಸಲ ಬುಟ್ಟಿ ಹತ್ತಿಯ ಅಟ್ಟದ ಮೇಲೆ ಒಂದು ದಿನ ಒಂದು ರಾತ್ರಿ ಅಡಗಿದ್ದ. ಊಟ ಒಯ್ದು ಕೊಟ್ಟವನು ನಾನು. ಅರ್ಧ ರೊಟ್ಟಿ ದಾರಿಯಲ್ಲಿ ತಿಂದಿದ್ದೆ ಅನ್ನುವುದನ್ನು ಇಂದು ಒಪ್ಪಿಕೊಂಡೆ.

ಇದೆಲ್ಲ ಸಣ್ಣದು. ದೊಡ್ಡದು ಗಣಿತದ ಸರ್ ಕುರ್ಚಿ, 1990ರದು.

ಸರ್ ಧೋತರ ಉಟ್ಟು ಕರಿ ಟೋಪಿ ಹಾಕುತ್ತಿದ್ದರು. ಮನೆಯ ಪಡಸಾಲೆಯಲ್ಲಿ ಅವರ ಮಾವ ಕೊಟ್ಟ ಕೈಗಳಿದ್ದ ಬೆತ್ತದ ಕುರ್ಚಿ. ಸಂಜೆ ಐದರಿಂದ ಊಟದವರೆಗೆ ಅದರಲ್ಲೇ ಕೂತಿರುತ್ತಿದ್ದರು. ಲೆಕ್ಕ ತಪ್ಪಿದ ಹುಡುಗರನ್ನು ಅದರ ಎದುರೇ ಬಗ್ಗಿ ನಿಲ್ಲಿಸುತ್ತಿದ್ದರು. ನಮ್ಮ ಪಾಲಿಗೆ ಅದು ಸಿಂಹಾಸನ. ಹೋಳಿ ಹುಣ್ಣಿಮೆಯ ರಾತ್ರಿ ನಾವು ನಾಲ್ವರು ಹಿತ್ತಲ ಗೋಡೆ ಹಾರಿ, ಅದನ್ನು ತಲೆಯ ಮೇಲೆ ಹೊತ್ತು, ಉಸಿರು ಬಿಡದೆ ಓಡಿ, ರಾಶಿಯ ತುದಿಗೆ ಏರಿಸಿದೆವು.

ಬೆಳಗಿನ ಜಾವ ಊರೆಲ್ಲ ಕೂಡಿತು. ಸರ್ ಕೂಡ ಬಂದರು. ಕುರ್ಚಿ ನೋಡಿದರು. ನಾವು ಹಿರಿಯರ ಬೆನ್ನ ಹಿಂದೆ. ಯಾರೋ, "ಸರ್, ಕಾಮಗ ಕೊಟ್ಟದ್ದು ಹೊಳ್ಳಿ ತಗೊಳ್ಳಾಕ ಬರಂಗಿಲ್ಲರೀ" ಅಂದರು. ಸರ್ ತಲೆಯಾಡಿಸಿದರು. "ತಗೋಬಾರದು, ಖರೆ. ಕುಂಡ್ರಬಾರದು ಅಂತೇನಿಲ್ಲಲ್ಲ?" ಎಂದವರೇ ಧೋತರ ಎತ್ತಿಕಟ್ಟಿ, ಕುಳ್ಳಿನ ಮೇಲೆ ಕಾಲಿಟ್ಟು ಹತ್ತಿ, ರಾಶಿಯ ತುದಿಯಲ್ಲಿ ತಮ್ಮ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತುಬಿಟ್ಟರು. ಹಲಗಿ ನಿಂತಿತು. ಪಂಜು ಹಿಡಿದವನು ಹಾಗೆಯೇ ನಿಂತ. ಸರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಹದಿನೇಳು ಇಪ್ಪತ್ಮೂರ್ಲೆ ಎಷ್ಟು? ಹೇಳಿದವರು ಬೆಂಕಿ ಹಚ್ಚರಿ."

ಯಾರಿಗೂ ಬರಲಿಲ್ಲ. ಜನರ ಹಿಂದಿನಿಂದ ಕಂಪಾಸ್‌ನ ದನಿ ಸಣ್ಣಗೆ ಬಂತು: "ಮುನ್ನೂರ ತೊಂಬತ್ತೊಂದರೀ." ಸರ್ ಇಳಿದರು. ಕಾಮ ಉರಿದ. ಕಳ್ಳ ಯಾರೆಂದು ಊರಿಗೆಲ್ಲ ಗೊತ್ತಾಯಿತು. ಆದರೆ ಈ ಕಳ್ಳತನದ ಯೋಜನೆ ಮೊದಲು ಯಾರ ತಲೆಯಲ್ಲಿ ಹುಟ್ಟಿತು ಎಂಬುದು ಮಾತ್ರ ಇಂದಿಗೂ ತೀರ್ಮಾನವಾಗಿಲ್ಲ. ನಾನೇ ಅಂತ ನಾಲ್ವರ ವಾದ. ಕಟ್ಟೆಯ ಮೇಲೆ ರಾತ್ರಿ ಎರಡರವರೆಗೆ ಜಗಳಾಡಿದೆವು, ಐವತ್ತು ದಾಟಿದವರು.

ಜಾವಕ್ಕೆ ಹಲಗಿ ಬಿದ್ದವು. ಗೌಡ ತನ್ನ ಚರ್ಮದ ಹಲಗಿಯನ್ನು ಹುಲ್ಲಿನ ಉರಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಹಿಡಿದ. ಮೂರನೆಯ ಸಲ ಅದು ಕಂಚಿನ ಹಾಗೆ ಟಣ್ಣೆಂದಿತು. ಫೈಬರಿನ ಹುಡುಗರೆಲ್ಲ ತಿರುಗಿ ನೋಡಿದರು.

ಬೆಂಕಿ ತರಲು ಊರವರು ಮೆರವಣಿಗೆಯಲ್ಲಿ ಕೆಳಗಿನ ಕೇರಿಗೆ ಹೋದೆವು. ಇದು ನಮ್ಮ ಕಡೆ ಹಲವು ಊರಲ್ಲಿ ಇರುವ ಪದ್ಧತಿ. ಕಾಮನಿಗೆ ತಾಕಬೇಕಾದ ಬೆಂಕಿ ದಲಿತರ ಮನೆಯ ಒಲೆಯಿಂದಲೇ ಬರಬೇಕು. ಚಿಕ್ಕವನಿದ್ದಾಗ ಇದರಲ್ಲಿ ನನಗೆ ವಿಶೇಷ ಕಂಡಿರಲಿಲ್ಲ. ಈಗ ನೋಡಿದರೆ ಕಾಣುತ್ತದೆ: ವರ್ಷವಿಡೀ ಯಾರ ಮನೆಯ ನೀರು ಮುಟ್ಟದಿದ್ದರೋ ಅವರ ಬಾಗಿಲಲ್ಲಿ ನಿಂತು ಬೆಂಕಿ ಬೇಡುವುದು. ಆ ಮನೆಯ ಅಜ್ಜ ಗಡಿಬಿಡಿ ಮಾಡಲಿಲ್ಲ. ಒಳಗೆ ಹೋದವನು ಸಾಕಷ್ಟು ಹೊತ್ತು ಬರಲೇ ಇಲ್ಲ. ಹಲಗಿ ಬಾರಿಸುತ್ತ ನಿಂತೆವು. ಬೇಕೆಂದೇ ತಡಮಾಡಿದನೆಂದು ನನಗನ್ನಿಸಿತು, ಮಾಡಬೇಕಾದದ್ದೇ.

ಉರಿ ಆಳೆತ್ತರ ಎದ್ದಾಗ ಗಂಡಸರೆಲ್ಲ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಂಡೆವು. ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಬೇಕು, ಅದಕ್ಕೆ ದೇವತೆಗಳು ಕಾಮನನ್ನು ಕಳಿಸಿದರು, ಮೂರನೆಯ ಕಣ್ಣು ತೆರೆಯಿತು, ಮುಂದೆ ಅವನು ಅನಂಗನಾಗಿ ರತಿಗೆ ಮಾತ್ರ ಕಂಡ. ಇದು ಪುರಾಣ. ಬುಟ್ಟಿಯ ಅಮ್ಮ ಹೇಳುವುದು ಇನ್ನೂ ಚಿಕ್ಕದು: "ದೊಡ್ಡವರ ಕೆಲಸಕ್ಕ ಹೋಗಿ ಸಣ್ಣವ ಸುಟ್ಟುಕೊಂಡ." ಬೆಳಕು ಹರಿದ ಮೇಲೆ ಹೆಣ್ಣುಮಕ್ಕಳು ಕೆಂಡ ಒಯ್ಯಲು ಬಂದರು. ಗ್ಯಾಸಿನ ಒಲೆಗೆ ಕೆಂಡ ಯಾತಕ್ಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಕೆಂಡದಲ್ಲಿ ಹುರಿದ ಕಡ್ಲಿ ತಿಂದರೆ ಹಲ್ಲು ಗಟ್ಟಿಯಂತೆ. ಪುಣೆಯಲ್ಲಿ ಎರಡು ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡ ಕಂಪಾಸ್ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ. ಒಂದು ಕ್ಯಾಪ್ ಕಳಚಿ ಕೈಗೆ ಬಂತು.

ಮೂರನೆಯ ದಿನ: ಬಾಗಲಕೋಟೆ

ನರಗುಂದ, ಕುಳಗೇರಿ ಕ್ರಾಸ್, ಕೆರೂರು. ಈ ದಾರಿಯ ಬಗ್ಗೆ ನಾನು ಹೇಳಲಾರೆ, ಉದ್ದಕ್ಕೂ ನಿದ್ದೆ ಮಾಡಿದೆ.

ಬಾಗಲಕೋಟೆಯ ಅರ್ಧ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಮಂದಿ ನವನಗರಕ್ಕೆ ಎದ್ದರು. ಆದರೆ ಬಣ್ಣ ಆಡಲು ಎಲ್ಲರೂ ಹಳೆಯ ಊರಿಗೇ ಇಳಿಯುತ್ತಾರೆ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ: ಪೇಟೆ ಪೇಟೆಗೆ ಹಲಗಿ ಮೇಳ, ಸೋಗು, ಬಣ್ಣದ ಬಂಡಿ. ಬಂಡಿ ಅಂದರೆ ಈಗ ಟ್ರ್ಯಾಕ್ಟರ್ ಟ್ರೇಲರ್. ಅದರ ಮೇಲೆ ಬ್ಯಾರಲ್ಲುಗಳು, ಬ್ಯಾರಲ್ಲಿನ ಸುತ್ತ ಹುಡುಗರು. ಎದುರು ಬಂಡಿ ಬಂದರೆ ಯುದ್ಧ. ನಡುವೆ ಸಿಕ್ಕವನ ಗತಿ ಕೇಳಬೇಡಿ. ನಾವು ಸಿಕ್ಕೆವು. ಒಂದು ಬಕೆಟ್ ಹಸಿರು ಬಣ್ಣ ನನ್ನ ಎಡಗಿವಿಗೆ ನೇರ ಬಿತ್ತು. ಅರ್ಧ ತಾಸು ಹಲಗಿಯ ಸದ್ದೆಲ್ಲ ಬಾವಿಯೊಳಗಿನಿಂದ ಬಂದ ಹಾಗೆ ಕೇಳಿಸಿತು. ಮೂರು ಅಂಗಿ ಬೇಕೆಂದ ಗೌಡನ ಮಾತು ಸುಳ್ಳಲ್ಲ.

ಮಧ್ಯಾಹ್ನ ಮಾನಿಟರಳ ಮನೆ ಮುಟ್ಟಿದೆವು. ಕ್ಲಾಸಿನ ಮಾನಿಟರ್ ಆಗಿದ್ದವಳು, ಇಂದು ಅಲ್ಲೇ ಒಂದು ಸಾಲಿಯಲ್ಲಿ ಟೀಚರು. ನಮ್ಮ ಬಣ್ಣ ನೋಡಿ ಒಳಗೆ ಬಿಡದೆ ಹಿತ್ತಲ ನಲ್ಲಿಯ ಹತ್ತಿರ ಸಾಲಾಗಿ ನಿಲ್ಲಿಸಿದಳು. ಮೊದಲಿಗೆ ಕಡ್ಲಿಹಿಟ್ಟು, ಆಮೇಲೆ ಕೊಬ್ಬರಿಎಣ್ಣೆ, ಆಮೇಲೆ ಸಾಬೂನು. ಅವಳ ಮಗ ಪೈಪು ಹಿಡಿದು ನೀರು ಬಿಡುತ್ತ ಯಾರ ಮುಖ ಯಾವುದು ಎಂದು ಪಂದ್ಯ ಕಟ್ಟುತ್ತಿದ್ದ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾಚಟ್ನಿ. ಬುಟ್ಟಿ ಮತ್ತೆ ನೊಗದ ಕತೆ ತೆಗೆದ. ಎಲ್ಲರೂ ನಗುತ್ತಿದ್ದೆವು. ಮಾನಿಟರ್ ರೊಟ್ಟಿ ಬಡಿಸುತ್ತ, "ನಿಮಗ ಹೋಳಿ ಅಂದ್ರ ಕುಳ್ಳು ಕದಿಯೂದು" ಅಂದಳು. "ನಮಗ ಹೋಳಿ ಅಂದ್ರ ಅಗಳಿ ಹಾಕಿದ ಬಾಗಲಾ. ಐದು ದಿನ ಕಿಟಕಿ ತೆಗೀತಿರಲಿಲ್ಲ. ನೀವು ನಮ್ಮ ಕಿಟಕಿ ಬುಡದಾಗ ನಿಂತು ಏನೇನು ಹಾಡ್ತಿದ್ರಿ, ಈಗ ನನ್ನ ಮಗನ ಮುಂದ ಒಂದು ಸಲ ಹಾಡ್ರಿ ನೋಡೂಣು."

ಯಾರೂ ಹಾಡಲಿಲ್ಲ. ಗೌಡ ಚಟ್ನಿಯಲ್ಲಿ ಶೇಂಗಾ ಹುಡುಕಲು ಹತ್ತಿದ. ಹೋಳಿಯಲ್ಲಿ ಬಾಯಿಗೆ ಬೇಲಿ ಇಲ್ಲ, ಅದು ಹಬ್ಬದ ರಿವಾಜು ಎಂದು ಎಷ್ಟೋ ಸಲ ಹೇಳಿದ್ದೇವೆ, ಬರೆದಿದ್ದೇವೆ. ಆ ಮಾತು ಯಾರ ಕಿಟಕಿಗೆ ಬೀಳುತ್ತಿತ್ತು ಎಂದು ನಾನಂತೂ ಕೇಳಿಕೊಂಡಿರಲಿಲ್ಲ. ಈ ವರ್ಷ ಬಾಗಲಕೋಟೆಯ ಬೀದಿಯಲ್ಲಿ ಹುಡುಗಿಯರು ಬಣ್ಣ ಹಿಡಿದು ಓಡಾಡುವುದನ್ನು ಬೆಳಿಗ್ಗೆ ನೋಡಿದ್ದೆ. ನನ್ನ ಕಿವಿಗೆ ಬಕೆಟ್ ಗುರಿಯಿಟ್ಟವಳೂ ಒಬ್ಬ ಹುಡುಗಿಯೇ. ಅದನ್ನು ಹೇಳಿದೆ. "ಛಲೋ ಮಾಡ್ಯಾಳ" ಅಂದಳು.

ಆಮೇಲೆ ಕುರ್ಚಿಯ ಮಾತು ಬಂತು. ಯೋಜನೆ ಯಾರದು ಎಂದು ನಾವು ಮತ್ತೆ ಜಗಳ ತೆಗೆದೆವು. ಮಾನಿಟರ್ ಸುಮ್ಮನೆ ಕೇಳಿದಳು: "ಕುರ್ಚಿ ಎಲ್ಲಿತ್ತು ಆವತ್ತು?"

"ಹಿತ್ತಲದಾಗ."

"ದಿನಾ ಎಲ್ಲಿರ್ತಿತ್ತು?"

ಪಡಸಾಲೆಯಲ್ಲಿ. ನಾವು ನಾಲ್ವರೂ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಮೂವತ್ತು ವರ್ಷ ಮೀರಿತು, ಒಬ್ಬನಿಗೂ ಇದು ಹೊಳೆದಿರಲಿಲ್ಲ. ಕಂಪಾಸ್‌ಗೂ.

ಸಂಗತಿ ಇಷ್ಟು. ಆ ಕುರ್ಚಿಯ ಬೆತ್ತದ ತುಂಬ ತಗಣಿ. ಸರ್ ಹೆಂಡತಿ ವಾರಕ್ಕೊಮ್ಮೆ ಬಿಸಿಲಿಗಿಟ್ಟು ಕುದಿನೀರು ಹೊಯ್ದರೂ ಹೋಗಿರಲಿಲ್ಲ. ಒಗೆಯೋಣವೆಂದರೆ ಸರ್ ಒಪ್ಪರು, ಮಾವ ಕೊಟ್ಟದ್ದು. ಕಡೆಗೆ ಆ ಬಾಯಿಯವರು ಪಕ್ಕದ ಮನೆಯ ಹುಡುಗಿಯಾದ ಮಾನಿಟರಳನ್ನು ಕರೆದು, "ಇವತ್ತು ರಾತ್ರಿ ಹಿತ್ತಲದಾಗ ಇಟ್ಟಿರ್ತೇನಿ. ನಿಮ್ಮ ಕ್ಲಾಸಿನ ಭಂಡರ ಕಿವಿಗೆ ಹಾಕವ್ವಾ" ಅಂದರಂತೆ. ಮಾನಿಟರ್ ಸಾಲಿಯಲ್ಲಿ ನಮ್ಮ ಬೆಂಚಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಸರ್ ಕುರ್ಚಿ ಇವತ್ತು ಹಿತ್ತಲದಾಗ ಐತಿ. ಯಾರೂ ಮುಟ್ಟಬಾರದಂತ."

ಮುಟ್ಟಬಾರದಂತ! ಅಷ್ಟೇ ಸಾಕಾಗಿತ್ತು.

"ಅಂದ್ರ ಪ್ಲಾನು ನಿಂದು?" ಬುಟ್ಟಿ ಕೇಳಿದ.

"ಪ್ಲಾನು ಬಾಯಿಯವರದು. ನಂದು ಬರೇ ಅನೌನ್ಸ್‌ಮೆಂಟು. ನೀವು ಹಮಾಲರು." ಅವಳು ನಗುತ್ತ ಬುಟ್ಟಿಯ ತಾಟಿಗೆ ಇನ್ನೊಂದು ರೊಟ್ಟಿ ಎಸೆದಳು. ಸರ್ ಆ ಕುರ್ಚಿಯಲ್ಲಿ ರಾಶಿಯ ಮೇಲೆ ಕೂತಿದ್ದಾಗ ಬಾಯಿಯವರು ಮನೆಯ ಮಾಳಿಗೆಯ ಮೇಲಿನಿಂದ ನೋಡುತ್ತಿದ್ದರಂತೆ. "ಅಯ್ಯ, ಇಳೀರಿ, ತಗಣಿ ಹತ್ತಿ ಮತ್ತ ಮನಿಗೆ ಬರ್ತಾವು" ಎಂದು ಒಳಗೊಳಗೇ ಬಡಬಡಿಸಿದರಂತೆ.

ರಾತ್ರಿ ಬಾಗಲಕೋಟೆಯಲ್ಲೇ ಉಳಿದೆವು. ಹೊರಗೆ ಹಲಗಿ ಬಡಿಯುತ್ತಲೇ ಇತ್ತು. ಬುಟ್ಟಿ ಬಹಳ ಹೊತ್ತು ಸುಮ್ಮನಿದ್ದು ಒಮ್ಮೆಲೇ ಕತ್ತಲಲ್ಲಿ ಅಂದ: "ಹಂಗಾರ ಆ ನೊಗಾನೂ ಯಾರರೆ ಹಚ್ಚಿಕೊಟ್ಟಿರಬೇಕು." "ಅದು ನಿಂದ ಲೇ, ಮಲಕೋ" ಎಂದ ಗೌಡ.

ನಾಲ್ಕನೆಯ ದಿನ: ಹುಬ್ಬಳ್ಳಿ

ಮಾನಿಟರ್ ಅಮೀನಗಡದ ಕರದಂಟಿನ ಡಬ್ಬಿ ಕೊಟ್ಟು, ಸರ್ ಕೈಗೇ ಮುಟ್ಟಿಸಬೇಕು, ದಾರಿಯಲ್ಲಿ ಒಡೆಯಬಾರದು ಅಂದಳು. ಮುಟ್ಟಬಾರದು ಅಂದರೆ ನಾವು ಏನು ಮಾಡುತ್ತೇವೆಂದು ಗೊತ್ತಿದ್ದೂ. ನರಗುಂದ ದಾಟುವಷ್ಟರಲ್ಲಿ ನಾಲ್ಕು ತುಂಡು ಕಡಿಮೆಯಾಗಿತ್ತು.

ಸರ್ ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತರ ಮೇಲೆ. ಬಾಯಿಯವರು ತೀರಿಕೊಂಡು ಕೆಲವು ವರ್ಷಗಳಾದವು. ಪಡಸಾಲೆಯ ಗೋಡೆಯ ಮೇಲೆ ಅವರ ಫೋಟೋ, ಅದಕ್ಕೆ ಹಾವೇರಿಯ ಏಲಕ್ಕಿ ಹಾರ. ಸರ್ ಟೋಪಿ ಬಿಟ್ಟಿದ್ದಾರೆ, ಧೋತರ ಬಿಟ್ಟಿಲ್ಲ. ನಮ್ಮ ಕಿವಿಯ ಹಿಂದೆ ಉಳಿದ ಹಸಿರು, ಗುಲಾಬಿ ನೋಡಿ, "ಬರ್ರೆಪಾ ಕಳ್ಳರ, ಬರ್ರಿ" ಅಂದರು. ಮೊಮ್ಮಗ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಚಹಾ ಬಂತು.

ಅದೂ ಇದೂ ಮಾತಾಯಿತು. ಯಾರಿಗೆ ಎಷ್ಟು ಮಕ್ಕಳು, ಯಾರಿಗೆ ಸಕ್ಕರೆ, ಯಾರಿಗೆ ಬಿಪಿ. ಕಂಪಾಸ್ ಬೆಳ್ಳಿ ಕುದುರೆಯ ಕತೆ ಹೇಳಿದ. ಸರ್ ತಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಮಾರ್ಕ್ಸ್ ಕೊಟ್ಟಾವ ನಾನು, ಕುದುರಿ ಕಾಮಣ್ಣಗೇನು?" ಅಂದರು.

ಬುಟ್ಟಿ ಗಂಟಲು ಸರಿಮಾಡಿಕೊಂಡ. ಅವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ಸರ್ರ, ಆ ಕುರ್ಚಿ ಸುದ್ದಿ..." ಎಂದು ಶುರುಮಾಡಿದ. ಗೌಡ ಅವನ ಕಾಲು ತುಳಿದ. ನಾನು ಗೋಡೆಯ ಫೋಟೋ ನೋಡಿದೆ. ಬಾಯಿಯವರು ಏಲಕ್ಕಿ ಹಾರದೊಳಗಿನಿಂದ, ಯಾವ ಗುಟ್ಟನ್ನೂ ಬಿಟ್ಟುಕೊಡದೆ ನಮ್ಮನ್ನೇ ನೋಡುತ್ತಿದ್ದರು.

"ಕುರ್ಚಿ ಏನು?" ಸರ್ ಕೇಳಿದರು.

"ಏನಿಲ್ರಿ ಸರ್," ಬುಟ್ಟಿ ಅಂದ. "ತಪ್ಪಾತು ಅಂತ ಹೇಳಬೇಕಾಗಿತ್ತು."

"ಆತು ಬಿಡ್ರಿ" ಎಂದು ಸರ್ ಕರದಂಟಿನ ಡಬ್ಬಿ ತೆರೆದರು. ನಾಲ್ಕು ತುಂಡಿನ ಖಾಲಿ ಜಾಗ ನೋಡಿದರು, ನಮ್ಮನ್ನು ನೋಡಿದರು, ಏನೂ ಅನ್ನಲಿಲ್ಲ.

ಕಾಲಿಗೆ ಬಿದ್ದು ಹೊರಟೆವು. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ ಸರ್ ಬಾಗಿಲಿನವರೆಗೆ ಕೋಲೂರಿಕೊಂಡು ಬಂದು, ಪಡಸಾಲೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, ಕ್ಲಾಸಿನ ಅದೇ ಹಳೆಯ ದನಿಯಲ್ಲಿ ಎಣಿಸಿದರು: "ಒಂದು. ಎರಡು. ಮೂರು. ನಾಕು."